ಮೊಮ್ಮಗಳ ಕರ್ಚೀಫಿನ ಗುಲಾಬಿ ಕಲೆ

ಮೊಮ್ಮಗಳ ಫ್ರಾಕಿಗೆ ದಿನಾ ಬೆಳಿಗ್ಗೆ ಬಿಳಿ ಕರ್ಚೀಫನ್ನು ಸೇಫ್ಟಿ ಪಿನ್ನಿನಿಂದ ಸಿಕ್ಕಿಸುವುದು ಈ ಮನೆಯಲ್ಲಿ ನನಗೆ ಉಳಿದಿರುವ ಒಂದೇ ಡ್ಯೂಟಿ. ಬೆನ್ನಿನ ಆಪರೇಷನ್ ಆದ ಮೇಲೆ ಭಾರ ಎತ್ತಕೂಡದು ಎಂದು ಡಾಕ್ಟರ್ ಹೇಳಿದ್ದಾರೆ. ಎತ್ತಲಾಗದ ಅಜ್ಜಿಯ ಹತ್ತಿರ, ಒಂದು ಕಡೆ ಕಾಲು ನಿಲ್ಲದ ಎರಡು ವರ್ಷದ ಹುಡುಗಿಯನ್ನು ದಿನವಿಡೀ ಬಿಟ್ಟುಹೋಗಲು ನನ್ನ ಮಗಳಿಗೆ ಧೈರ್ಯವಿಲ್ಲ. ಅವಳಿಗೆ ಆಫೀಸು, ಅಳಿಯನಿಗೆ ಪುಣೆಯ ಕ್ಯಾಂಪಿನಲ್ಲಿ ಅವರ ಮನೆತನದ ಹೋಟೆಲು. ಹಾಗಾಗಿ ಮಗು ಧನಕವಡಿಯ ನಮ್ಮ ಸೊಸೈಟಿಯ ಪಕ್ಕದ ಬಿಲ್ಡಿಂಗಿನ ಪಾಳಣಾಘರಕ್ಕೆ ಹೋಗುತ್ತದೆ. ಕೆಲಸಕ್ಕೆ ಹೋಗುವವರ ಮಕ್ಕಳನ್ನು ಹಗಲು ನೋಡಿಕೊಳ್ಳುವ ಮನೆಗೆ ಇಲ್ಲಿ ಹಾಗೆನ್ನುತ್ತಾರೆ.

ನಾನು ಓದಿದ ಕಾನ್ವೆಂಟಿನಲ್ಲಿ ನನ್‌ಗಳು ನಮಗೆ ಹೀಗೇ ಸಿಕ್ಕಿಸುತ್ತಿದ್ದರು. ಅಸೆಂಬ್ಲಿಯಲ್ಲಿ ಮೊದಲು ಉಗುರು, ಆಮೇಲೆ ಹ್ಯಾಂಕಿ ಇನ್‌ಸ್ಪೆಕ್ಷನ್. ಕೊಳೆಯಾಗಿದ್ದರೆ ಸಾಲಿನಿಂದ ಹೊರಗೆ. ಆ ಕಣ್ಣು ನನಗೂ ಬಂದುಬಿಟ್ಟಿದೆ. ಮೊಮ್ಮಗಳು ಸಂಜೆ ಮನೆಗೆ ಬಂದ ಕೂಡಲೇ ನಾನು ಮೊದಲು ನೋಡುವುದು ಕರ್ಚೀಫನ್ನು.

ಕಳೆದ ಮಳೆಗಾಲದಲ್ಲಿ ಅದರ ಮೇಲೆ ಗುಲಾಬಿ ಬಣ್ಣದ ಕಲೆ ಕಾಣಿಸತೊಡಗಿತು. ದಿನವೂ ಅಲ್ಲ, ಆಗೊಮ್ಮೆ ಈಗೊಮ್ಮೆ. ಮೂಸಿದರೆ ಸ್ಟ್ರಾಬೆರಿಯಂಥ ಸಿಹಿ ವಾಸನೆ. ಕಲೆ ಬಂದ ದಿನವೇ ಮಗು ಕುಗ್ಗಿಹೋಗಿ, ಆಟವೂ ಬೇಡ ಊಟವೂ ಬೇಡ ಎಂದು ಸೋಫಾದಲ್ಲಿ ಒರಗಿಬಿಡುತ್ತಿತ್ತು.

"ಏನ್ ಕುಡದಿ ಚಿನ್ನಾ?" ಎಂದು ಕೇಳಿದೆ.

"ಪಿಂಕ್ ಪಾಣಿ," ಎಂದಳು.

ಮಕ್ಕಳು ಗಲಾಟೆ ಮಾಡದೆ ಮಲಗಲೆಂದು ಸಿರಪ್ ಕುಡಿಸುವ ಆಯಾಗಳ ಕಥೆ ನಾನು ಎಷ್ಟು ಕೇಳಿಲ್ಲ! ಪಾಳಣಾಘರ ನಡೆಸುವಾಕೆ ಸೊಲ್ಲಾಪುರದ ಕಡೆಯವಳು, ಮರಾಠಿ ಎಷ್ಟೋ ಕನ್ನಡವೂ ಅಷ್ಟೇ. ಎಲ್ಲರೂ ಅವಳನ್ನು ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಾರೆ. ಬೆಳಿಗ್ಗೆ ಬಾಗಿಲಲ್ಲೇ ನಿಂತು ಪ್ರತಿ ಮಗುವಿನ ಹಣೆ ಮುಟ್ಟಿ ನೋಡುತ್ತಾಳೆ. ಬೆಚ್ಚಗಿದ್ದರೆ ತಾಯಿಯ ಜೊತೆ ವಾಪಸ್. ಈ ಶಿಸ್ತೆಲ್ಲ ಬರೀ ಶೋ, ಒಳಗೆ ಬೇರೆಯೇ ಏನೋ ನಡೆದಿದೆ ಎಂದು ನನಗೆ ಖಾತ್ರಿಯಾಯಿತು.

ಒಂದು ಮಧ್ಯಾಹ್ನ ಮೊಮ್ಮಗಳ ಟೆಡ್ಡಿ ಮನೆಯಲ್ಲೇ ಉಳಿದದ್ದನ್ನು ನೆಪ ಮಾಡಿಕೊಂಡು, ಕೊಡೆಯನ್ನೇ ಕೋಲು ಮಾಡಿಕೊಂಡು ಅಲ್ಲಿಗೆ ಹೋದೆ. ಚಾಪೆಗಳ ಮೇಲೆ ಮಕ್ಕಳು ಸಾಲಾಗಿ ಮಲಗಿದ್ದವು. ಒಂದೂ ಮಿಸುಕುತ್ತಿರಲಿಲ್ಲ. ಟೂ ಕ್ವಯಟ್!

"ಇಷ್ಟೂ ಮಕ್ಕಳು ಒಮ್ಮೆಲೇ ಹೆಂಗ ಮಲಗ್ಯಾವ?" ಎಂದೆ.

"ಊಟ ಆತು, ಮಲಗ್ಯಾವ. ನಿಮ್ಮ ಕಾಲದಾಗ ಮಕ್ಕಳು ಮಲಗ್ತಿದ್ದಿಲ್ಲೇನ್ರಿ ಆಜಿ?"

"ಔಷಧ ಕುಡೀದೇ ಮಲಗ್ತಿದ್ವು."

ಕಾಕು ಹಿಟ್ಟು ನಾದುತ್ತಿದ್ದ ಕೈ ನಿಲ್ಲಿಸಿದಳು. ದನಿ ಏರಿಸಲಿಲ್ಲ, ಮಕ್ಕಳು ಏಳುತ್ತವಲ್ಲ. "ನನ್ನ ಮ್ಯಾಲ ಸಂಶೇ ಇದ್ರ ತಿಂಗಳ ಮುಗಿದ ಕೂಡ್ಲೇ ಕೂಸಿನ್ನ ಬ್ಯಾರೆ ಕಡೆ ಹಾಕ್ರಿ. ಈ ಜಾಗಾಕ್ಕ ಕಾಯೋರು ಭಾಳ ಮಂದಿ ಅದಾರ. ಟೆಡ್ಡಿ ಅಲ್ಲಿಡ್ರಿ, ಬಾಗಿಲಾ ಎಳಕೊಂಡು ಹೋಗ್ರಿ."

ಸಂಜೆ ಆ ಸುದ್ದಿ ನಾನು ಹೇಳುವ ಮೊದಲೇ ಮಗಳಿಗೆ ಮುಟ್ಟಿತ್ತು.

"ಮಮ್ಮಿ, ಏನ್ ಮಾಡಿ ಇಟ್ಟಿ ನೀ? ಸಂಜಿ ಇಷ್ಟೊತ್ತನಕ ಮಕ್ಕಳನ್ನ ಇಟ್ಕೊಳ್ಳೋರು ಈ ಏರಿಯಾದಾಗ ಮತ್ತ ಯಾರದಾರ? ಆ ಜಾಗಾ ಹೋದ್ರ ನಾ ನೌಕರಿ ಬಿಡೂದೇ!"

"ಮತ್ತ ಆ ಕಲೆ?"

"ಇರ್ತದ ಏನರೆ. ಜೆಲ್ಲಿ, ಶರಬತ್ತು. ನೀ ಡಿಟೆಕ್ಟಿವ್ ಆಗಬ್ಯಾಡ."

ಅಳಿಯ ಫೋನಿನಿಂದ ತಲೆ ಎತ್ತದೆ, "ಅದೆಲ್ಲ ಏನೂ ಇರ್ಲಿಕ್ಕಿಲ್ಲ ಅತ್ತೆ," ಎಂದ.

ರಾತ್ರಿ ಊಟ ಮಾಡುವಾಗ ನನಗೆ ಅದೇ ಯೋಚನೆ. ಮಗುವಿಗೆ ಯಾರೋ ಏನೋ ಕುಡಿಸುತ್ತಾರೆಂದು ಕೇಳಿದರೆ ಹೆತ್ತವಳು ಹೌಹಾರಬೇಕಲ್ಲವೇ? ಇವಳು ಜಾಗದ ಬಗ್ಗೆ ಕೂಗಾಡಿದಳೇ ಹೊರತು ಕರ್ಚೀಫನ್ನು ಕೈಗೆ ತೆಗೆದುಕೊಂಡು ಕೂಡ ನೋಡಲಿಲ್ಲ. ಸಂಥಿಂಗ್ ವಾಸ್ ನಾಟ್ ರೈಟ್.

ಮರುದಿನ ಪಿನ್ ಹಾಕುವಾಗ ಮಗುವಿನ ಮೈ ಬೆಚ್ಚಗಿತ್ತು. ಹಾಸಿಗೆಯಿಂದ ಈಗಷ್ಟೇ ಎದ್ದ ಬಿಸಿ ಇರಬೇಕು ಎಂದುಕೊಂಡೆ. ಮೂವರೂ ಹೊರಟರು, ಬಾಗಿಲು ಮುಚ್ಚಿತು. ನೋಡಿದರೆ ನೀರಿನ ಬಾಟಲಿ ಟೇಬಲ್ಲಿನ ಮೇಲೆಯೇ ಇದೆ. ಅದನ್ನು ಹಿಡಿದು ಬಾಗಿಲು ತೆರೆದೆ.

ಲಿಫ್ಟಿನ ಎದುರು ಮಗಳು ಕುಕ್ಕರಗಾಲಲ್ಲಿ ಕೂತಿದ್ದಳು. ಕೈಯಲ್ಲಿ ಜ್ವರದ ಸಿರಪ್ಪಿನ ಮುಚ್ಚಳ. ಅಳಿಯ ಮಗುವಿನ ಎರಡೂ ಕೈ ಹಿಡಿದುಕೊಂಡಿದ್ದ. ಮಗು ಮುಖ ತಿರುಗಿಸಿತು. ನಾನು ಆಗಷ್ಟೇ ಸಿಕ್ಕಿಸಿದ್ದ ಬಿಳಿ ಕರ್ಚೀಫಿನ ಮೇಲೆ ಗುಲಾಬಿ ಹನಿ ಬಿತ್ತು.

ಲಿಫ್ಟ್ ಬಂದು, ಬಾಗಿಲು ತೆರೆದು, ತಾನಾಗಿಯೇ ಮುಚ್ಚಿಕೊಂಡಿತು.

"ಜ್ವರ ಅದ?" ಎಂದೆ.

"ಸ್ವಲ್ಪ, ಮಮ್ಮಿ. ಔಷಧ ಹಾಕಿ ಸ್ವಲ್ಪ ಹೊತ್ತು ಕೆಳಗ ಗಾಡ್ಯಾಗ ಕೂಡ್ತೀವಿ. ಕಾಕು ಹಣಿ ಮುಟ್ಟೂದ್ರಾಗ ತಣ್ಣಗಾಗ್ತದ." ಅವಳು ಮುಚ್ಚಳವನ್ನು ಕದ್ದ ಹಣ್ಣಿನ ಹಾಗೆ ದುಪಟ್ಟಾದೊಳಗೆ ಮುಚ್ಚಿಕೊಂಡಳು. "ಇವತ್ತ ನನ್ನ ರಿವ್ಯೂ ಅದ. ನನ್ನ ರಜಾ ಎಲ್ಲಾ ಈಕಿ ಜ್ವರಕ್ಕೇ ಖಾಲಿ ಆಗ್ಯಾವ."

"ಅಡುಗೆ ಭಟ್ಟರು ಊರಿಗೆ ಹೋಗಿದ್ದಾರೆ ಅತ್ತೆ. ಒಲೆ ಎದುರು ನಾನೇ ನಿಲ್ಲಬೇಕು. ಇಲ್ಲಾಂದ್ರೆ ನಾನೇ ಮನೇಲಿ ಇರ್ತಿದ್ದೆ."

"ಇರ್ತಿದ್ರಂತ! ಹೋದ ಸಲಾನೂ ಹಿಂಗೇ ಅಂದ್ರಿ."

"ಹಾಗೆ ಹೇಳ್ಬೇಡ ಮಾರಾಯ್ತಿ, ಹೋದ ಸಲ ನಿಜಕ್ಕೂ ಗ್ಯಾಸ್ ಇರಲಿಲ್ಲ."

"ಮನ್ಯಾಗ ಯಾಕ ಕುಡಸಲಿಲ್ಲ?" ಎಂದು ನಾನು ನಡುವೆ ಕೇಳಿದೆ.

"ನೀ ನೋಡ್ತಿದ್ದಿ ಅಲ್ಲಾ," ಎಂದಳು ಮಗಳು. ಅವಳ ಕಣ್ಣು ತುಂಬಿತ್ತು. ಸಿಟ್ಟಿಗೋ, ನಾಚಿಕೆಗೋ, ಈಗಲೂ ನಾನು ಹೇಳಲಾರೆ.

"ಕೂಸು ಇಲ್ಲೇ ಇರ್ಲಿ."

"ನೀ ಎತ್ತಂಗಿಲ್ಲ ಮಮ್ಮಿ."

"ಎತ್ತೂದಿಲ್ಲ. ಗಾದಿ ಕೆಳಗ ಹಾಸಿ ಹೋಗ್ರಿ. ಅಕಿ ಕೆಳಗ ಮಲಗ್ತಾಳ, ನಾ ಬಾಜೂಕ ಸಣ್ಣ ಸ್ಟೂಲ್ ಮ್ಯಾಲ ಕೂಡ್ತೀನಿ."

ಅಳಿಯ ಗಾದಿ ಹಾಸಿದ. ಮಧ್ಯಾಹ್ನದ ಊಟದ ಗಿರಾಕಿ ಮುಗಿದ ಕೂಡಲೇ ಬರುತ್ತೇನೆಂದ. ಮಗಳು ಹಳೆಯ ಫೋನೊಂದರಲ್ಲಿ ವಿಡಿಯೋ ಕಾಲ್ ಹಚ್ಚಿ, ಅದನ್ನು ಕಪಾಟಿನ ಮೇಲೆ ನಮ್ಮ ಕಡೆ ತಿರುಗಿಸಿ ಇಟ್ಟು ಹೋದಳು. ಮಗುವನ್ನು ನೋಡಲೆಂದೇ ಇಟ್ಟದ್ದಂತೆ. ನಾನೇನು ಅಷ್ಟು ದಡ್ಡಿಯೇ? ನಡುನಡುವೆ ಆ ಫೋನಿಗೆ ಕೈ ಬೀಸಿದೆ.

ಊಟದ ಹೊತ್ತಿಗೆ ಔಷಧ ಇಳಿದು ಜ್ವರ ಏರಿತು. ಮಗು ಥೇಟ್ ಆ ಸಂಜೆಗಳಂತೆ ಕುಗ್ಗಿತು. ಕಾಕುವಿನ ಚಾಪೆಯ ಮೇಲೆ ಇಂಥ ಎಷ್ಟು ಮಧ್ಯಾಹ್ನಗಳು ಕಳೆದಿದ್ದವೋ! ಡಾಕ್ಟರಿಗೆ ಫೋನು ಮಾಡಿ ಅವರು ಹೇಳಿದಂತೆ ನಡೆದುಕೊಂಡೆ. ಅದೇ ಕರ್ಚೀಫನ್ನು ತೊಳೆದು ಒದ್ದೆ ಮಾಡಿ ಮೈ ಒರೆಸಿದೆ. ಅಳಿಯ ಹೇಳಿದ ಹೊತ್ತಿಗಿಂತ ಬಹಳ ತಡವಾಗಿ, ಒಗ್ಗರಣೆಯ ವಾಸನೆಯೊಂದಿಗೆ ಬಂದ.

ಜ್ವರ ಬಿಟ್ಟ ಮೇಲೆ ಪಾಳಣಾಘರದ ಬಾಗಿಲಿಗೆ ಮೂವರು ದೊಡ್ಡವರೂ ಹೋದೆವು. ಮಗಳೇ ಹೇಳಿದಳು: "ಕಾಕು, ಔಷಧ ಕುಡಸ್ತಿದ್ದವರು ನಾವೇ. ಮಮ್ಮಿಗೆ ಗೊತ್ತಿದ್ದಿಲ್ಲ."

ಕಾಕು ನನ್ನನ್ನು ನೋಡಿದಳು, ಅವಳನ್ನು ನೋಡಿದಳು. "ಅಂದ್ರ ಉಳಿದ ಮಕ್ಕಳಿಗೆ ಜ್ವರ ಹಚ್ಚಿದವರು ನೀವು. ಬೈಗುಳ ತಿಂದಾಕಿ ನಾನು." ಮಗು ಅಷ್ಟರಲ್ಲಿ ಅವಳ ಕಾಲಿನ ಸಂದಿಯಿಂದ ನುಸುಳಿ ಒಳಗೆ ಆಟಿಕೆಗಳ ಹತ್ತಿರ ಹೋಗಿಬಿಟ್ಟಿತ್ತು. ಅತ್ತ ಒಮ್ಮೆ ತಿರುಗಿ ನೋಡಿ, "ಇರ್ಲಿ. ತಿಂಗಳ ಮುಗೀಲಿ, ನೋಡೂಣು," ಎಂದಳು.

ತಿಂಗಳು ಮುಗಿದು ಎಷ್ಟೋ ದಿನವಾಯಿತು. ಆ ಮಾತನ್ನು ಅವಳೂ ಎತ್ತಿಲ್ಲ, ನಾವೂ ಎತ್ತಿಲ್ಲ. ಆದರೆ ಈಗ ಬಾಗಿಲಲ್ಲಿ ಹಣೆ ಮುಟ್ಟಿದ ಮೇಲೆ ಕಾಕು ಬಗ್ಗಿ ಮಗುವಿನ ಬಾಯಿ ಮೂಸುತ್ತಾಳೆ, ಕರ್ಚೀಫ್ ತಿರುವಿ ನೋಡುತ್ತಾಳೆ. ಅಷ್ಟೂ ಹೊತ್ತು ನನ್ನ ಮಗಳು, ಆಫೀಸಿನಲ್ಲಿ ಅಷ್ಟು ಜನರನ್ನು ಆಳುವವಳು, ಉಸಿರು ಬಿಗಿಹಿಡಿದು ನಿಂತಿರುತ್ತಾಳೆ. ಒಮ್ಮೊಮ್ಮೆ ನಾನೂ ಜೊತೆಗೆ ಹೋಗುತ್ತೇನೆ, ಗೊತ್ತಿಲ್ಲದೆಯೇ ಅಸೆಂಬ್ಲಿಯಲ್ಲಿ ನಿಂತಂತೆ ನೆಟ್ಟಗಾಗುತ್ತೇನೆ.

ಮೊನ್ನೆ ಸಂಜೆ ಕರ್ಚೀಫಿನ ಮೇಲೆ ಹಳದಿ ಕಲೆ ಇತ್ತು. ಕಾಕು ಉಣಿಸುವ ಬೇಳೆ-ಅನ್ನ, ವರಣ-ಭಾತಿನದೇ ಇರಬೇಕು. ಆದರೂ ಒಮ್ಮೆ ಮೂಸಿದೆ.