ಕಲ್ಲಿನ ಮೇಲಿನ ಎಲೆ

ಬೆಳಿಗ್ಗೆ ಹಸು ಕರೆದೆ. ಕೊಟ್ಟಿಗೆ ಗುಡಿಸಿದೆ. ಮಾವನವರ ಸ್ನಾನಕ್ಕೆ ನೀರು ಕಾಯಿಸಿದೆ, ಅಲಸಂದೆ ನೆನೆಹಾಕಿದೆ, ಮಗಳ ಬ್ಯಾಗಿನ ಕಿತ್ತ ಪಟ್ಟಿಗೆ ಹೊಲಿಗೆ ಹಾಕಿದೆ. ಹಾಲಿನ ಕ್ಯಾನು ತೊಳೆದು ಬಾಗಿಲ ಬಳಿ ಇಟ್ಟೆ. ಅದನ್ನು ಡೇರಿಗೆ ಒಯ್ಯುವ ಕೆಲಸ ಮಾವನವರ ಕೈಯಿಂದ ತಪ್ಪಿದ್ದು ಇವತ್ತೇ.

ಮಾವನವರು ಮೈಸೂರು ಮೈನ್ಸ್‌ನ ಚಿನ್ನದ ಗಣಿಯಲ್ಲಿ ನೆಲದೊಳಗೆ ದುಡಿದವರು. ಗಣಿ ಮುಚ್ಚಿದಾಗ ಊರಿಗೆ ತಂದದ್ದು ಕೆಮ್ಮು ಮತ್ತು ಅಂಗೈಯಗಲದ ಒಂದು ಕಲ್ಲು. ಕಲ್ಲಿನ ಮೇಲೆ ಕಪ್ಪಗೆ, ಗರಿ ಬಿಚ್ಚಿದ ಹಾಗೆ ಕವಲು ಕವಲಾಗಿ ಹಬ್ಬಿದ ಗುರುತು. ಭೂಮಿಯೊಳಗೆ ಬೆಳೆದ ಎಲೆ ಎನ್ನುತ್ತಿದ್ದರು. ಆಯುಧಪೂಜೆಗೆ ಕುಡುಗೋಲಿನ ಪಕ್ಕ ಅದಕ್ಕೂ ಕುಂಕುಮ.

ಮಗಳು ಬಂಗಾರಪೇಟೆಯಿಂದ ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಸಂಶೋಧನೆ ಮಾಡುತ್ತಾಳೆ. ಕರಗಿದ ಲೋಹ ಆರುವಾಗ ಒಳಗೊಳಗೇ ಮರದಂತೆ ಕವಲೊಡೆಯುತ್ತದಂತೆ. ಅದಕ್ಕೆ ಡೆಂಡ್ರೈಟ್ ಎಂದು ಹೆಸರು. ಮಿದುಳಿನ ನರಕೋಶದ ಕೊಂಬೆಗಳಿಗೂ ಅದೇ ಹೆಸರು. ಎರಡೂ ಎಲ್ಲಿ ಹೋಲುತ್ತವೆ, ಎಲ್ಲಿ ಹೋಲುವುದಿಲ್ಲ ಎಂಬುದೇ ಅವಳ ಕೆಲಸ. ಒಂದು ಸಂಜೆ ಫೋನಿನಲ್ಲಿ ಎರಡು ಚಿತ್ರ ತೋರಿಸಿ ಯಾವುದು ಲೋಹ ಎಂದು ಕೇಳಿದಳು. ನಾನೂ ತಪ್ಪು ಹೇಳಿದೆ, ನನ್ನ ಗಂಡನೂ ತಪ್ಪು ಹೇಳಿದರು. ಎರಡೂ ನನ್ನ ಕಲ್ಲೇ ಎಂದರು ಮಾವನವರು. ಎಲ್ಲರೂ ನಕ್ಕೆವು.

ಅವಳು ಕಲ್ಲನ್ನು ಭೂತಗಾಜಿನಲ್ಲಿ ನೋಡಿ, ಎಲೆಯಲ್ಲ ತಾತ, ಬಿರುಕಿನಲ್ಲಿ ನೀರಿನ ಜೊತೆ ಇಳಿದ ಮ್ಯಾಂಗನೀಸ್ ಹೀಗೆ ಕವಲೊಡೆದಿದೆ ಎಂದಳು. ಮರೆವು ಬಂದವರಿಗೆ ಮಿದುಳಿನ ಕೊಂಬೆಗಳು ಏನಾಗುತ್ತವೆ ಎಂದು ಅವಳಪ್ಪ ಕೇಳಿದರು. ಕೆಲವು ಕಾಯಿಲೆಗಳಲ್ಲಿ ಸಣ್ಣ ಕವಲುಗಳು ಉದುರುತ್ತವೆ ಎಂದಳು, ಪಾಠ ಒಪ್ಪಿಸುವ ಹಾಗೆ. ನನ್ನ ಗಂಡನಿಗೆ ಅಷ್ಟು ಮಾತ್ರ ನೆನಪುಳಿಯಿತು.

ಕಳೆದ ತಿಂಗಳು ಮಾವನವರು ಡೇರಿ ದಾಟಿ ಹೋಗಿ, ಹಿಂದೆ ಗಣಿಯ ಬಸ್ಸು ಬರುತ್ತಿದ್ದ ಜಾಗದಲ್ಲಿ ಕ್ಯಾನು ಹಿಡಿದು ನಿಂತಿದ್ದರು. ಹಾಲು ಒಡೆಯಿತು. ಅಂದಿನಿಂದ ಅವರ ನೆನಪಿನ ಪರೀಕ್ಷೆ ಶುರುವಾಯಿತು. ಊರಿಗಾಂನಿಂದ ನೆಂಟರು ಬರಲಿ, ಹಿಂಡಿ ಮಾರುವವನು ಬರಲಿ, ನನ್ನ ಗಂಡ ಕಲ್ಲು ಮುಂದೆ ಹಿಡಿದು, ಇದೇನಪ್ಪಾ ಎಂದು ಕೇಳುವುದು. ಎಲೆ ಎಂದು ಮಾವನವರು ಹೇಳುವುದು. ಬಂದವರು ನಗುವುದು.

ಇವತ್ತು ಭಾನುವಾರ, ಮಗಳೂ ಇದ್ದಳು. ಸರಿಯಾಗಿ ಹೇಳಿದರೆ ಕ್ಯಾನು ಮಾವನವರ ಕೈಗೆ, ಇಲ್ಲವಾದರೆ ಇನ್ನು ಮನೆಯಲ್ಲೇ ಇರಬೇಕು ಎಂದು ನಿನ್ನೆಯೇ ಕರಾರಾಗಿತ್ತು. ಸ್ನಾನಕ್ಕೆ ನೀರು ತೋಡಿಕೊಡುವಾಗ ಮಾವನವರು, ಮಗು ಕಲ್ಲಿಗೆ ಹೇಳಿದ ಆ ಹೆಸರೇನಮ್ಮ ಎಂದು ಕೇಳಿದರು. ಹೇಳಿಕೊಟ್ಟೆ. ಬಚ್ಚಲಿನಿಂದ ಅದನ್ನೇ ಹೇಳಿಕೊಳ್ಳುವುದು ಕೇಳುತ್ತಿತ್ತು.

ಹೆಗಲಿಗೆ ಟವೆಲ್ಲು ಹಾಕಿಕೊಂಡು, ಕ್ಯಾನಿನ ಮುಚ್ಚಳ ಕೈಯಲ್ಲಿ ಹಿಡಿದು ನಿಂತರು. ಕಲ್ಲು ಮುಂದೆ ಬಂತು.

"ಮ್ಯಾಂಗನೀಸು," ಎಂದರು, ತಡವರಿಸದೆ.

ನನ್ನ ಗಂಡ ಕಲ್ಲನ್ನು ಇನ್ನೂ ಹತ್ತಿರ ಹಿಡಿದರು. ಆಮೇಲೆ ಕೇಳಿದರು, "ಅಂಗಾರೆ ಇಷ್ಟು ವರ್ಸ ಎಲೆ ಎಲೆ ಅಂತ ಊರಿಗೆಲ್ಲ ಸುಳ್ಳು ಯೋಳ್ಕಂಡು ಬಂದ್ಯಾ?"

ಮಾವನವರು ಕಲ್ಲನ್ನು ನೋಡಿದರು, ನನ್ನನ್ನು ನೋಡಿದರು.

"ಸುಳ್ಳಲ್ಲ ಕಣ್ಲಾ. ಎಲೇನೇ. ನಾನೇ ಒಳಗಿಂದ ತಂದಿದ್ದು."

"ನೋಡ್ದಾ," ಎಂದು ನನ್ನ ಗಂಡ ಮಗಳ ಕಡೆ ತಿರುಗಿದರು.

ಇದು ಪರೀಕ್ಷೆ ಮಾಡುವ ರೀತಿಯೇ ಅಲ್ಲ, ಎಲೆ ಎಂಬುದು ತಾತನ ಹಳೆಯ ನೆನಪು, ಅದು ಗಟ್ಟಿಯಾಗೇ ಇದೆ ಎಂದು ಅವಳು ಬಿಡಿಸಿ ಹೇಳಲು ಹೊರಟಳು.

"ಕೊಂಬೆ ಉದುರ್ತವೆ ಅಂದೋಳು ನೀನೇ ತಾನೆ?"



ನನ್ನ ಗಂಡ ಕ್ಯಾನನ್ನು ಬೈಕಿಗೆ ಕಟ್ಟಿಕೊಂಡು ಹೊರಟರು. ಗೇಟಿನ ತನಕ ಹೋದವರು ಹಿಂದೆ ಬಂದು, ಮಾವನವರ ಕೈಯಲ್ಲೇ ಉಳಿದಿದ್ದ ಮುಚ್ಚಳವನ್ನು ಕಿತ್ತುಕೊಂಡರು. ಕಲ್ಲನ್ನು ಹಸುವಿನ ಹಿಂಡಿಯ ಚೀಲದ ಬಾಯಿ ಮೇಲೆ ಹೇರಿ ಹೋದರು. ಸಂಜೆ ಹಿಂಡಿ ತೆಗೆಯುವಾಗ ನಾನೇ ಎತ್ತಿ, ಮತ್ತೆ ಅಲ್ಲೇ ಇಟ್ಟೆ.

ರಾತ್ರಿ ರಾಗಿಮುದ್ದೆ, ಅಲಸಂದೆ ಕಾಳಿನ ಸಾರು. ಮಾವನವರು ಮುದ್ದೆ ಮುರಿದು ಹಾಗೇ ಬಿಟ್ಟರು. ಮಗಳು ಸಾರಷ್ಟೇ ಕುಡಿದಳು. ನನ್ನ ಗಂಡ ಇನ್ನೊಂದು ಮುದ್ದೆ ಹಾಕಿಸಿಕೊಂಡು ಉಂಡರು. ಮೊದಲು ನಿದ್ದೆ ಹೋದವರೂ ಅವರೇ.