ಫ್ರಾಂಕ್‌ಫರ್ಟ್–ಲಂಡನ್: ನಲವತ್ತು ನಿಮಿಷ

ಮಗಳು ಫ್ರಾಂಕ್‌ಫರ್ಟಿನಿಂದ ಲಂಡನ್ನಿಗೆ ಹೋಗುವ ಟಿಕೆಟ್ಟಿನ ಚಿತ್ರ ಕಳಿಸಿದ್ದಾಳೆ. ಹೊರಡುವುದು ಮಧ್ಯಾಹ್ನ ಒಂದು ಗಂಟೆಗೆ, ತಲುಪುವುದು ಒಂದು ನಲವತ್ತಕ್ಕೆ. ಡೆಟ್ರಾಯಿಟ್ ಕಡೆ ಓದುವ ಹುಡುಗಿ, ರೂಮ್‌ಮೇಟ್ ಜೊತೆ ಯೂರೋಪ್ ಸುತ್ತಲು ಹೋಗಿದ್ದಾಳೆ. "ಇಟ್ಸ್ ನಥಿಂಗ್, ಅಮ್ಮಾ" ಎಂದು ಕೆಳಗೊಂದು ಸಾಲು. ಆ ನಲವತ್ತನ್ನು ಕಂಡದ್ದೇ ತಡ, ನನ್ನ ಕಣ್ಣು ಗಡಿಯಾರಕ್ಕೆ ಹೋಯಿತು. ಯಾಕೆಂದು ಹೇಳುತ್ತೇನೆ, ಕೇಳಿ.

ಹತ್ತು ವರ್ಷದ ಹಿಂದೆ ಅಮ್ಮ ಮೈಸೂರಿನಿಂದ ಡೆಸ್ ಪ್ಲೇನ್ಸಿನ ನಮ್ಮ ಮನೆಗೆ ಮೊದಲ ಸಲ ಹೊರಟಳು. ಪರದೇಶದಲ್ಲಿರುವ ನಮ್ಮವರದೊಂದು ಪದ್ಧತಿಯಿದೆ: ಗಟ್ಟಿಮುಟ್ಟಾಗಿ ನಡೆಯುವ ಅಪ್ಪ ಅಮ್ಮನಿಗೂ ವೀಲ್‌ಚೇರ್ ಬುಕ್ ಮಾಡುತ್ತೇವೆ. ತಳ್ಳುವವರು ಗೇಟಿನ ತನಕ ಮುಟ್ಟಿಸುತ್ತಾರಲ್ಲ, ಇಂಗ್ಲಿಷಿನಲ್ಲಿ ದಾರಿ ಕೇಳುವ ಕಷ್ಟವಿಲ್ಲ. ಸಾಲದ್ದಕ್ಕೆ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಕೇಳಿ ಜೊತೆಯನ್ನೂ ಹುಡುಕಿದೆ. ಪಕ್ಕದ ಊರು ಸ್ಕೋಕಿಯ ಪ್ರಸನ್ನ ಎಂಬುವವರ ತಾಯಿ ಸರೋಜಮ್ಮ ಸಿಕ್ಕರು. ಇನ್ನೇನು ಚಿಂತೆಯೆಂದು ಜಂಭದಲ್ಲಿದ್ದೆ.

ಬೆಳಿಗ್ಗೆ ಆರಕ್ಕೆ ಪ್ರಸನ್ನರ ಫೋನು.

"ಅಕ್ಕ, ಇಬ್ಬರೂ ಫ್ರಾಂಕ್‌ಫರ್ಟಲ್ಲಿ ಫ್ಲೈಟ್ ಮಿಸ್ ಮಾಡ್ಕೊಂಡಿದ್ದಾರಂತೆ. ಲಂಡನ್ ಮೇಲೆ ಕಳಿಸ್ತಿದ್ದಾರೆ. ಈಗಷ್ಟೇ ಹೊರಟ್ರು."

ಅಮ್ಮನ ಫೋನ್ ಅಲ್ಲಿ ಕೆಲಸ ಮಾಡುತ್ತಿರಲಿಲ್ಲ. ಪ್ರಸನ್ನ ಕಳಿಸಿದ ಹೊಸ ಟಿಕೆಟ್ಟಿನಲ್ಲಿ ಇದೇ ಒಂದು ಗಂಟೆ, ಇದೇ ಒಂದು ನಲವತ್ತು. ನಾನೂರು ಮೈಲಿಗೆ ನಲವತ್ತು ನಿಮಿಷವೆಂದು ನಂಬಿ ಗಡಿಯಾರ ನೋಡುತ್ತ ಕುಳಿತೆ. ಐವತ್ತು ನಿಮಿಷವಾಯಿತು. ಅರವತ್ತೈದಾಯಿತು. ವಿಮಾನ ಇಳಿದ ಸುದ್ದಿಯಿಲ್ಲ. ಕಂಡ ದೇವರಿಗೆಲ್ಲ ಹರಕೆ ಹೊತ್ತು, ಪ್ರಸನ್ನರಿಗೆ ಫೋನ್ ಮಾಡಿ ಅತ್ತೇಬಿಟ್ಟೆ.

"ಅಕ್ಕ, ನೀವು ಡೆಟ್ರಾಯಿಟ್‌ಗೆ ತಂಗಿ ಮನೆಗೆ ಡ್ರೈವ್ ಮಾಡ್ತೀರಲ್ಲ, ಅಲ್ಲಿ ಗಡಿಯಾರ ನಮಗಿಂತ ಒಂದು ಗಂಟೆ ಮುಂದೆ, ವಾಪಸ್ ಬರುವಾಗ ಒಂದು ಗಂಟೆ ಉಳಿಯಲ್ವಾ? ಇದೂ ಹಂಗೇ. ಲಂಡನ್ ಗಡಿಯಾರ ಒಂದು ಗಂಟೆ ಹಿಂದೆ."

ಅಂದರೆ ನೂರು ನಿಮಿಷದ ಹಾದಿ! ವರ್ಷಕ್ಕೆ ನಾಲ್ಕು ಸಲ ಆ ಗಂಟೆಯನ್ನು ಕಳೆದು, ಮರಳಿ ಪಡೆಯುವ ನನಗೆ ಅದು ಹೊಳೆದಿರಲಿಲ್ಲ.

ಸಂಜೆ ಇಲ್ಲಿನ ಓಹೇರ್ ವಿಮಾನನಿಲ್ದಾಣದ ಬಾಗಿಲು ತೆರೆಯಿತು. ವೀಲ್‌ಚೇರಿನಲ್ಲಿ ಸರೋಜಮ್ಮ, ಅದನ್ನು ತಳ್ಳುತ್ತಿರುವವಳು ನಮ್ಮಮ್ಮ! ತಳ್ಳಬೇಕಾದವನು ಅಮ್ಮನ ಕೈಚೀಲ ಹಿಡಿದು ಹಿಂದೆ ಬರುತ್ತಿದ್ದ. ಸರೋಜಮ್ಮನಿಗೆ ಮಂಡಿನೋವು; ಸಂಕೋಚಕ್ಕೆ ಮಗನಿಗೂ ಹೇಳದೆ, ವೀಲ್‌ಚೇರ್ ಬೇಡವೆಂದಿದ್ದರಂತೆ. ಫ್ರಾಂಕ್‌ಫರ್ಟಿನಲ್ಲಿ ಅಮ್ಮ ಕುರ್ಚಿ ಬಿಟ್ಟು ಎದ್ದು "ನೀವು ಕೂತ್ಕೊಳ್ಳಿ" ಎನ್ನುವುದು, ಅವರು "ಅಯ್ಯೋ, ಬೇಡ, ನೀವೇ ಕೂತ್ಕೊಳ್ಳಿ" ಎನ್ನುವುದು. ಈ ಉಪಚಾರ ಮುಗಿಯುವಷ್ಟರಲ್ಲಿ ಗೇಟು ಮುಚ್ಚಿತ್ತು.

ನಾನು ರೇಗಿದೆ. "ನೀನಾದ್ರೂ ಓಡಿಹೋಗಿ ಹತ್ಬಾರದಿತ್ತಾ?"

"ಅವರನ್ನ ಅಲ್ಲೇ ಬಿಟ್ಟಾ? ಚೆನ್ನಾಗ್ ಹೇಳ್ದೆ" ಎಂದಳು ಅಮ್ಮ.

ಆ ಮಾತಿಗೆ ನಾನು ಆಗ ಬೆಲೆ ಕೊಡಲಿಲ್ಲ, ಮನೆ ಮುಟ್ಟುವ ತನಕ ಮುಖ ಊದಿಸಿಕೊಂಡೇ ಕಾರು ಓಡಿಸಿದೆ.

ಇದನ್ನು ಬರೆಯುತ್ತಿರುವಾಗಲೇ ಫೋನ್ ಸದ್ದಾಯಿತು. ಮಗಳ ಮೆಸೇಜು. ರೂಮ್‌ಮೇಟ್ ಹುಡುಗಿಯ ಪಾಸ್‌ಪೋರ್ಟ್ ಸಿಗುತ್ತಿಲ್ಲ, ಗೇಟ್ ಮುಚ್ಚಲಿದೆ. "ಐ ಕಾಂಟ್ ಲೀವ್ ಹರ್, ಅಮ್ಮಾ."

"ಮೊದಲು ನೀನು ಹತ್ತು" ಎಂದು ಬೆರಳು ಆಗಲೇ ಬರೆದಾಗಿತ್ತು. ಅಮ್ಮ ಕುರ್ಚಿ ತಳ್ಳಿಕೊಂಡು ಬಂದದ್ದು ಕಣ್ಣಿಗೆ ಕಟ್ಟಿತು. ಬರೆದದ್ದನ್ನು ಅಳಿಸಿದೆ.

"ಅವಳ ಜೊತೇಲೇ ಇರು ಪುಟ್ಟಿ" ಎಂದು ಕಳಿಸಿ, ಫೋನ್ ಹಿಡಿದು ಕೂತಿದ್ದೇನೆ.