ಎಟೆಲ್ಕಾ ಬೀಗಿತ್ತಿಗೆ ಹೇಳಬೇಕಿದ್ದ ಮಾತು

ಎಟೆಲ್ಕಾಳನ್ನು ಐದನೇ ತರಗತಿಯಲ್ಲಿ ಫೇಲು ಮಾಡಿದವಳು ನಾನೇ. ಅದೂ ಸರ್ಬಿಯನ್ ಭಾಷೆಯಲ್ಲಿ. ತೀಸಾ ನದಿಯ ದಡದ ನಮ್ಮೂರಿನಲ್ಲಿ ಹೆಚ್ಚುಕಡಿಮೆ ಎಲ್ಲರೂ ಹಂಗೇರಿಯನ್ ಮಾತಾಡುವವರು; ದೇಶ ಮಾತ್ರ ಸರ್ಬಿಯಾ. ಇಪ್ಪತ್ತಮೂರನೇ ವಯಸ್ಸಿಗೆ ಟೀಚರಾಗಿ ಬಂದ ಸರ್ಬಿಯನ್ ಮನೆತನದ ನಾನು ನಲವತ್ತು ವರ್ಷ ಇಲ್ಲಿನ ಮಕ್ಕಳಿಗೆ ಏಳು ವಿಭಕ್ತಿಗಳನ್ನು ಬೋರ್ಡಿನ ಮೇಲೆ ಬರೆದು ಉರು ಹೊಡೆಸಿದೆ. ನನ್ನ ಶಿಷ್ಯರು ಇವತ್ತಿಗೂ ಅವನ್ನು ನಿದ್ದೆಗಣ್ಣಿನಲ್ಲಿ ಒಪ್ಪಿಸುತ್ತಾರೆ. ಅಂಗಡಿಗೆ ಹೋಗಿ ಸರ್ಬಿಯನ್ನಿನಲ್ಲಿ ಒಂದು ಪೊಟ್ಟಣ ಉಪ್ಪು ಕೇಳು ಎಂದರೆ ಮಾತ್ರ ತಬ್ಬಿಬ್ಬಾಗುತ್ತಾರೆ.

ಎಟೆಲ್ಕಾಳಿಗೆ ಈಗ ಐವತ್ತೇಳು. ನಮ್ಮ ಪಕ್ಕದ ಮನೆಯವಳು, ಊರಿಗೆಲ್ಲ ಬಟ್ಟೆ ಹೊಲಿದುಕೊಡುವವಳು. ಗಂಡ ತೀರಿಹೋಗಿ ಹದಿನಾರು ವರ್ಷವಾಯಿತು. ಒಬ್ಬಳೇ ಮಗಳು ಗಿಜೆಲಾ. ಹತ್ತು ವರ್ಷದ ಹುಡುಗಿಯಾಗಿದ್ದಾಗಿನಿಂದಲೂ ಅವಳೇ ಅಮ್ಮನ ಬಾಯಿ. ಡಾಕ್ಟರ ಹತ್ತಿರ, ಕರೆಂಟಿನ ಆಫೀಸಿನಲ್ಲಿ, ಬಸ್ ನಿಲ್ದಾಣದಲ್ಲಿ, ಅಮ್ಮ ಹಂಗೇರಿಯನ್ನಿನಲ್ಲಿ ಹೇಳಿದ್ದನ್ನು ಮಗಳು ಸರ್ಬಿಯನ್ ಮಾಡಿ ಹೇಳುವುದು. ಆ ಹುಡುಗಿ ಸರ್ಬಿಯನ್ ಕಲಿತದ್ದು ಟಿವಿ ಧಾರಾವಾಹಿಗಳಿಂದ, ನನ್ನಿಂದಲ್ಲ. ಇದನ್ನು ನಾನು ಯಾರಿಗೂ ಹೇಳಿಕೊಂಡಿಲ್ಲ.

ಆಗಸ್ಟ್ ಕೊನೆಯಲ್ಲಿ ಒಂದು ಬೆಳಿಗ್ಗೆ ಎಟೆಲ್ಕಾ ಬಂದು ನನ್ನ ಅಡುಗೆಮನೆಯಲ್ಲಿ ಕೂತಳು. ನೋವಿಸಾದ್‌ನಲ್ಲಿ ನರ್ಸ್ ಆಗಿರುವ ಗಿಜೆಲಾ ಚಾಚಕ್ ಕಡೆಯ ಸರ್ಬಿಯನ್ ಹುಡುಗ ವುಕಾಶಿನ್‌ನನ್ನು ಮೆಚ್ಚಿದ್ದಾಳೆ, ಸೆಪ್ಟೆಂಬರ್ ಕೊನೆಯ ಶನಿವಾರ ಅವನ ಅಪ್ಪ ಅಮ್ಮ ಹೆಣ್ಣು ಕೇಳಲು ಬರುತ್ತಾರೆ ಎಂದಳು. ಅಷ್ಟರೊಳಗೆ ತನಗೆ ಸರ್ಬಿಯನ್ ಕಲಿಸಬೇಕಂತೆ. ಐದು ವಾರದಲ್ಲಿ! ಗಿಜೆಲಾ ಇರುತ್ತಾಳಲ್ಲ, ಅವಳೇ ಹೇಳುತ್ತಾಳೆ ಬಿಡು ಎಂದೆ.

"ಟೀಚರ್, ಅವಳ ವಿಷಯ ಅವಳ ಬಾಯಲ್ಲೇ ಹೇಳಿಸ್ಲಾ?" ಎಂದಳು. "ಅವಳಿಗೆ ದುಃಖ ಆದ್ರೆ ಏನೂ ಇಲ್ಲ ಅಂತಾಳೆ. ಹಂಗಂದಾಗ್ಲೇ ಹತ್ರ ಹೋಗಿ ಸುಮ್ನೆ ಕೂತ್ಕೋಬೇಕು. ಏನಾಯ್ತು ಅಂತ ಕೇಳ್ಬಾರ್ದು, ಕೇಳಿದ್ರೆ ಎದ್ದೋಗ್ತಾಳೆ. ಅವಳಪ್ಪ ಹೋದಾಗಿಂದ ಹಿಂಗೆ. ಇನ್ಮೇಲೆ ಅವಳ ಜೊತೆ ಇರೋರು ಅವ್ರು. ಅವ್ರಿಗೆ ಗೊತ್ತಾಗೋದು ಬೇಡ್ವಾ?"

ನಾನೇ ಹೇಳುತ್ತೇನೆ ಎಂದೆ. ನೀವು ಹೆತ್ತಿಲ್ಲವಲ್ಲ ಎಂದಳು. ನನಗೆ ಸಿಟ್ಟು ಬಂತು. ಆದರೆ ಅವಳು ಹೇಳಿದ್ದು ಸರಿಯಾಗಿತ್ತು.

ಮಾರನೆಯ ದಿನವೇ ಹಳೆಯ ವ್ಯಾಕರಣ ಪುಸ್ತಕ ತೆಗೆದೆ. ಮೇಜು ಪುಲ್ಲಿಂಗ, ಕುರ್ಚಿ ಸ್ತ್ರೀಲಿಂಗ, ಮಗು ನಪುಂಸಕಲಿಂಗ ಎಂದು ಶುರು ಮಾಡಿದೆ. ಹಂಗೇರಿಯನ್ನಿನಲ್ಲಿ ಲಿಂಗಭೇದವೇ ಇಲ್ಲ. ಎಟೆಲ್ಕಾ ಕಣ್ಣರಳಿಸಿ ಕೇಳಿಸಿಕೊಂಡು, "ನಿಮ್ಮಲ್ಲಿ ಮೇಜು ಗಂಡಸು, ಹೆತ್ತ ಮಗು ಏನೂ ಅಲ್ಲ" ಎಂದಳು. ಮೂರನೆಯ ದಿನ ಷಷ್ಠಿಗೆ ಬರುವಷ್ಟರಲ್ಲಿ ಮೇಜಿನ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದಳು. ಐದನೇ ತರಗತಿಯಲ್ಲೂ ಹೀಗೆಯೇ ಮಾಡುತ್ತಿದ್ದಳು.

ನಾನು ಕೈಚೆಲ್ಲಿದೆ. ಅವಳು ಬಿಡಲಿಲ್ಲ. ನಾಲ್ಕನೆಯ ದಿನ ತನ್ನ ಮನೆಗೇ ಕರೆದಳು. ಹೋಗಿ ನೋಡಿದರೆ ಮೇಜಿನ ಕಾಲಿಗೆ ನೀಲಿ ದಾರ, ಕುರ್ಚಿಗೆ ಕೆಂಪು ದಾರ, ಬುಟ್ಟಿಯ ಮೊಟ್ಟೆಗಳಿಗೆಲ್ಲ ಬಿಳಿ ದಾರ. ಗಂಡು, ಹೆಣ್ಣು, ಎರಡೂ ಅಲ್ಲದ್ದು. ಹಿತ್ತಲಿನಲ್ಲಿ ಹಂದಿಯ ಕೊರಳಿಗೂ ಕೆಂಪು ದಾರ ಬಿದ್ದಿತ್ತು. ಕೈಗೆ ಸಿಗದ್ದು ನನ್ನ ತಲೆಗೆ ಹತ್ತುವುದಿಲ್ಲ ಟೀಚರ್ ಎಂದು ನಕ್ಕಳು. ಆಮೇಲೆ ಒಂದು ಏಪ್ರನ್ ಹೊಲಿದಳು, ವಿಭಕ್ತಿಗೊಂದರಂತೆ ಏಳು ಜೇಬಿನದು. ಯಾರು, ಯಾರ, ಯಾರಿಗೆ, ಯಾರನ್ನು, ಓ ಎಂದು ಕೂಗುವುದು, ಯಾರ ಜೊತೆ, ಎಲ್ಲಿ. ನಾನು ಒಂದು ಹೆಸರು ಹೇಳಬೇಕು, ಅವಳು ಕಣ್ಣು ಮುಚ್ಚಿ ಒಂದು ಜೇಬಿಗೆ ಕೈಹಾಕಬೇಕು, ಯಾವ ಜೇಬು ಸಿಕ್ಕಿತೋ ಆ ವಿಭಕ್ತಿಯಲ್ಲಿ ಒಂದು ವಾಕ್ಯ ಕಟ್ಟಬೇಕು. ನಲವತ್ತು ವರ್ಷ ಬೋರ್ಡಿನ ಮುಂದೆ ಗಂಟಲು ಹರಿದುಕೊಂಡ ನಾನು, ದರ್ಜಿಯ ಜೇಬಿನಲ್ಲಿ ವ್ಯಾಕರಣ ಕುಣಿಯುವುದನ್ನು ನೋಡುತ್ತ ಕೂತೆ. ಹೊಟ್ಟೆಕಿಚ್ಚಾಯಿತು. ಖುಷಿಯೂ ಆಯಿತು.

ಗುರುವಾರ ಗುರುವಾರ ಸೆಂಟಾ ಪೇಟೆಗೆ ಹೋಗುತ್ತಿದ್ದೆವು. ಅಲ್ಲಿ ತರಕಾರಿ ಮಾರುವ ದೊಬ್ರಿವೊಯೆ ಸರ್ಬಿಯನ್, ಬಾಯಿಬಡುಕ. ಎಟೆಲ್ಕಾ ತರಕಾರಿಯ ಹೆಸರು ಹೇಳುವಂತಿಲ್ಲ, ಬಣ್ಣಿಸಬೇಕು ಎಂದು ಆಟ ಕಟ್ಟಿದೆವು. ಅವಳು "ದುಂಡಗಿದೆ, ಬಟ್ಟೆ ಮೇಲೆ ಬಟ್ಟೆ ಹಾಕ್ಕೊಂಡಿದೆ, ಬಿಚ್ಚಿದೋರು ಅಳ್ತಾರೆ" ಎನ್ನುತ್ತಾಳೆ. ದೊಬ್ರಿವೊಯೆ ಈರುಳ್ಳಿ ಬಿಟ್ಟು ಎಲ್ಲವನ್ನೂ ಎತ್ತಿ ತೋರಿಸುತ್ತಾನೆ. ಕೊನೆಗೆ ನಮ್ಮ ಅತ್ತೆ ಇರಬೇಕು ಎಂದುಬಿಟ್ಟ. ಮೂರನೆಯ ಗುರುವಾರದ ಹೊತ್ತಿಗೆ ಆ ಸಾಲಿನ ಅಂಗಡಿಯವರೆಲ್ಲ ಸುತ್ತ ನೆರೆದು ಊಹಿಸತೊಡಗಿದರು. ತಪ್ಪು ಮಾತಾಡಿದರೂ ಯಾರೂ ನಂಬರು ಕಳೆಯಲಿಲ್ಲ. ಎಟೆಲ್ಕಾ ಬಸ್ಸಿನಲ್ಲಿ ಮನೆಗೆ ಬರುವವರೆಗೂ ಸರ್ಬಿಯನ್ನಿನಲ್ಲೇ ವಟಗುಟ್ಟಿದಳು.

ಆ ಶನಿವಾರ ಬಂತು. ಬೀಗರು ಮಧ್ಯಾಹ್ನ ಬರುವವರಿದ್ದರು. ಬೆಳಿಗ್ಗೆ ನಾವಿಬ್ಬರೂ ನನ್ನ ಅಂಗಳದಲ್ಲಿ ಐವಾರ್ ಚಟ್ನಿ ಮಾಡಲು ಕೂತಿದ್ದೆವು. ಕೆಂಪು ದೊಣ್ಣೆಮೆಣಸಿನಕಾಯಿ ಸುಟ್ಟು, ಸಿಪ್ಪೆ ಸುಲಿದು, ಚಳಿಗಾಲಕ್ಕೆಂದು ಗಂಟೆಗಟ್ಟಲೆ ಎಣ್ಣೆಯಲ್ಲಿ ಕೈಯಾಡಿಸುವ ಕೆಲಸ ಅದು. ಮೊಣಕೈವರೆಗೂ ಮಸಿ ಹತ್ತಿಸಿಕೊಂಡಿರುವಾಗ ಗೇಟಿನಲ್ಲಿ ಕಾರು ನಿಂತಿತು. ಗಿಜೆಲಾ, ವುಕಾಶಿನ್ ಜೊತೆಗೆ ಬೀಗರು ಮೂರು ಗಂಟೆ ಮೊದಲೇ ಬಂದುಬಿಟ್ಟಿದ್ದರು. ವುಕಾಶಿನ್‌ನ ಅಪ್ಪ ರಾಕಿಯಾ ಎಂಬ ಪ್ಲಮ್ ಸಾರಾಯಿಯ ಬಾಟಲಿ ಹಿಡಿದು ಇಳಿದ. ತಾಯಿ ಮಿಲುಂಕಾ, ದೊಡ್ಡ ದನಿಯ, ದೊಡ್ಡ ಮೈಯ ಹೆಂಗಸು, ಎರಡೂ ಕೈ ಚಾಚಿ ನೇರ ಎಟೆಲ್ಕಾಳ ಹತ್ತಿರ ಬಂದಳು.

ಎಟೆಲ್ಕಾ ಬಾಯಿ ತೆರೆದಳು. ಏನೂ ಬರಲಿಲ್ಲ. ಸ್ವಾಗತದ ಮಾತನ್ನು ನೂರು ಸಲ ಹೇಳಿ ಅಭ್ಯಾಸ ಮಾಡಿದ್ದಳು, ಅದೂ ಹೋಯಿತು. ಹಂಗೇರಿಯನ್ನಿನಲ್ಲಿ ಏನೋ ಗೊಣಗಿದಳು. ಗಿಜೆಲಾ ಅಭ್ಯಾಸಬಲದಿಂದ ಮಧ್ಯಕ್ಕೆ ಬಂದು ಅದನ್ನು ಚೆನ್ನಾಗಿ ಸಿಂಗರಿಸಿ ಸರ್ಬಿಯನ್ನಿನಲ್ಲಿ ಹೇಳಿದಳು. ಎಟೆಲ್ಕಾ ತಲೆ ತಗ್ಗಿಸಿ ಮೆಣಸಿನಕಾಯಿ ಬುಟ್ಟಿಯ ಮುಂದೆ ಕೂತಳು. ಐದನೇ ತರಗತಿಯಲ್ಲಿ ಎಬ್ಬಿಸಿ ನಿಲ್ಲಿಸಿದಾಗಲೂ ಹೀಗೆಯೇ ತಲೆ ತಗ್ಗಿಸುತ್ತಿದ್ದಳು. ಆಗ ನನಗೆ ಏನೂ ಅನ್ನಿಸಿರಲಿಲ್ಲ.

ಗಿಜೆಲಾ ಮತ್ತು ವುಕಾಶಿನ್ ಅವನ ಅಪ್ಪನಿಗೆ ನದಿ ತೋರಿಸಲು ಹೋದರು. ಮಿಲುಂಕಾ ಹೋಗಲಿಲ್ಲ. ಐವಾರ್ ಮಾಡುವ ಅಂಗಳದಲ್ಲಿ ಕೈಕಟ್ಟಿ ನಿಲ್ಲುವ ಹೆಂಗಸು ನಮ್ಮವರಲ್ಲಿ ಯಾರೂ ಇಲ್ಲ. ಅಂಗಿಯ ತೋಳು ಮಡಿಚಿ ಸ್ಟೂಲು ಎಳೆದುಕೊಂಡು ಸುಲಿಯಲು ಕೂತಳು. ಕಡಾಯಿಗೆ ಇಣುಕಿ ಮೂಗು ಮುರಿದಳು. ಬದನೆಕಾಯಿ ಹಾಕಿದ್ದೀರಾ, ಒಳ್ಳೆ ಮೆಣಸಿನಕಾಯಿ ಹಾಳಾಯಿತಲ್ಲ ಎಂದು ನನಗೆ ಉಪದೇಶ ಶುರು ಮಾಡಿದಳು. ನಾನು ಉತ್ತರಕ್ಕೆ ಬಾಯಿ ತೆರೆಯುವಷ್ಟರಲ್ಲಿ ಬುಟ್ಟಿಯ ಕಡೆಯಿಂದ ದನಿ ಬಂತು, ಸರ್ಬಿಯನ್ನಿನಲ್ಲಿ:

"ಬದನೆಕಾಯಿ ಚೆನ್ನಾಗಿರುತ್ತೆ. ನೀವು ತಿಂದಿಲ್ಲ, ಅದ್ಕೇ ಹಿಂಗಂತೀರಿ."

ಮಿಲುಂಕಾ ಸೋಲುವವಳಲ್ಲ. ಇಬ್ಬರೂ ಬದನೆಕಾಯಿಯ ಮೇಲೆ ಹತ್ತು ನಿಮಿಷ ಜಗಳವಾಡಿದರು. ಎಟೆಲ್ಕಾ ಮೂರು ಮಾತಿಗೊಂದು ತಪ್ಪು ಮಾಡುತ್ತಿದ್ದಳು, ನಡುವೆ ಮಾತು ಸಿಗದೆ ಕೈಯಲ್ಲಿ ಬಣ್ಣಿಸುತ್ತಿದ್ದಳು. ಮಿಲುಂಕಾ ಅದನ್ನು ಊಹಿಸುತ್ತಿದ್ದಳು. ತಿದ್ದಲು ನನ್ನ ನಾಲಿಗೆ ತುರಿಸುತ್ತಿತ್ತು. ಜೀವಮಾನದಲ್ಲಿ ಮೊದಲ ಸಲ ತುಟಿ ಕಚ್ಚಿಕೊಂಡು ಸುಮ್ಮನೆ ಕೂತೆ.

ಜಗಳ ನಗುವಿಗೆ ತಿರುಗಿ ತಣ್ಣಗಾದ ಮೇಲೆ ಎಟೆಲ್ಕಾ ಕೈಯಲ್ಲಿದ್ದ ಕಾಯಿ ಕೆಳಗಿಟ್ಟಳು.

"ಬೀಗಿತ್ತಿ ಅವ್ರೇ, ನನ್ನ ಮಗಳು ಏನೂ ಇಲ್ಲ ಅಂದ್ರೆ, ಇದೆ. ಆಗ ಹತ್ರ ಕೂತ್ಕೊಳ್ಳಿ. ಕೇಳ್ಬೇಡಿ. ಬರೀ ಕೂತ್ಕೊಳ್ಳಿ."

ವಿಭಕ್ತಿ ಎರಡು ಕಡೆ ತಪ್ಪಿತ್ತು. ಮಿಲುಂಕಾ ಸುಲಿಯುವುದನ್ನು ನಿಲ್ಲಿಸಿದಳು. ಎಷ್ಟು ಹೊತ್ತು ಕೂರಬೇಕು ಎಂದು ಮೆಲ್ಲಗೆ ಕೇಳಿದಳು. ಆ ದೊಡ್ಡ ಗಂಟಲಿನಲ್ಲಿ ಅಷ್ಟು ಸಣ್ಣ ದನಿ ಇದ್ದೀತೆಂದು ನಾನು ಎಣಿಸಿರಲಿಲ್ಲ. ಅವಳೇ ತಲೆಯನ್ನು ನಿಮ್ಮ ಭುಜಕ್ಕೆ ಒರಗಿಸುವವರೆಗೆ ಎಂದಳು ಎಟೆಲ್ಕಾ. ಮಿಲುಂಕಾ ಮಸಿಗೈಯಲ್ಲೇ ಕಣ್ಣೊರೆಸಿಕೊಂಡು ಮುಖವೆಲ್ಲ ಕಪ್ಪು ಮಾಡಿಕೊಂಡಳು. ಆಮೇಲೆ ತನ್ನ ಮಗನ ಸರದಿ ಎಂದು ಶುರು ಮಾಡಿದಳು: ಅವನು ಹಸಿದರೆ ಜಗಳ ತೆಗೆಯುತ್ತಾನೆ, ಮೊದಲು ಉಣ್ಣಲು ಕೊಟ್ಟು ಆಮೇಲೆ ಬೈಯಬೇಕು. ಇಬ್ಬರ ತಲೆಗಳೂ ಹತ್ತಿರ ಬಂದವು. ನನ್ನನ್ನು ಇಬ್ಬರೂ ಮರೆತರು.

ನದಿಯಿಂದ ಎಲ್ಲರಿಗಿಂತ ಮುಂದೆ ಓಡಿಬಂದವಳು ಗಿಜೆಲಾ. ಅಮ್ಮನನ್ನು ಮಾತಿಲ್ಲದೆ ಬಿಟ್ಟುಹೋದೆನಲ್ಲ ಎಂಬ ಗಾಬರಿ ಮುಖದ ತುಂಬ ಇತ್ತು.

"ಅಮ್ಮಾ, ಏನು ಹೇಳ್ಬೇಕಿತ್ತು? ಹೇಳು, ನಾನು ಹೇಳ್ತೀನಿ."

ಎಟೆಲ್ಕಾ ತಲೆಯೆತ್ತಿ, ಮಗಳಿಗೆ ಸರ್ಬಿಯನ್ನಿನಲ್ಲೇ ಹೇಳಿದಳು:

"ಬೇಡ ಕಂದ. ನಾವು ಅಮ್ಮಂದಿರು ಮಾತಾಡ್ತಿದ್ದೀವಿ. ನೀನು ಹೋಗಿ ಆಟ ಆಡ್ಕೋ."

ಇಪ್ಪತ್ತಾರು ವರ್ಷದ ಹುಡುಗಿ ಅಂಗಳದ ನಡುವೆ ನಿಂತು ಅಮ್ಮನನ್ನೇ ನೋಡಿದಳು. ಏನಾಯಿತು ಎಂದು ವುಕಾಶಿನ್ ಹಿಂದಿನಿಂದ ಕೇಳಿದ. ಏನೂ ಇಲ್ಲ ಎಂದಳು ಗಿಜೆಲಾ. ಮಿಲುಂಕಾ ಒಂದು ಮಾತೂ ಆಡದೆ ತನ್ನ ಪಕ್ಕಕ್ಕೆ ಇನ್ನೊಂದು ಸ್ಟೂಲು ಎಳೆದಿಟ್ಟಳು.